ಇಷ್ಟು ಬಂದರೆ ಸಾಕೆ?

ಸಂಗೀತ ಕಾರ್ಯಾಗಾರಗಳ ಪೋಸ್ಟರುಗಳಲ್ಲಿ ಈಚೆಗೆ ಒಂದು ಹೊಸ ಜಾತಿಯ ಮನುಷ್ಯರಿಗೆ ಕರೆ ಇರುತ್ತದೆ. ಅವರು ಪೂರ್ತಿ ಹೊಸಬರಲ್ಲ, ಹಾಗಂತ ಬಲ್ಲವರೂ ಅಲ್ಲ. ‘ಮುಂದುವರಿಯುತ್ತಿರುವ ಆರಂಭಿಕರು’ ಎಂದು ಅವರಿಗೆ ಹೆಸರು. ಯುಕುಲೆಲೆಯ ಮಟ್ಟಿಗೆ ನಾನು ಅವರಲ್ಲಿ ಒಬ್ಬಳು. ಪಿಎಚ್‌ಡಿಯ ಮಟ್ಟಿಗೂ ಹೌದು ಅನ್ನಿ. ಐದು ವರ್ಷದಿಂದ ಅದೇ ಮೆಟ್ಟಿಲ ಮೇಲೆ ನಿಂತಿದ್ದೇನೆ. ಈ ನಡುವಿನ ಜಾಗದಲ್ಲಿ ನಿಂತವರಿಗೆ ಒಂದು ಪ್ರಶ್ನೆ ತಪ್ಪುವುದಿಲ್ಲ: ಎಲ್ಲಿಯವರೆಗೆ ಹೋಗಬೇಕು? ಎಷ್ಟು ಬಂದರೆ ಸಾಕು? ಇದು ಕೌಶಲದ ಪ್ರಶ್ನೆ ಎಂದು ಮೊದಲು ತಿಳಿದಿದ್ದೆ. ಅದರೊಳಗೆ ಒಂದು ನೀತಿಯ ಪ್ರಶ್ನೆ ಇದೆ ಎಂದು ಈಗ ಅನಿಸುತ್ತಿದೆ.

ಯುಕುಲೆಲೆ ನೋಡದವರಿಗಾಗಿ ಎರಡು ಮಾತು. ನೋಡಲು ಗಿಟಾರಿನ ಮರಿ. ನಾಲ್ಕೇ ತಂತಿ, ಅವೂ ನೈಲಾನಿನವು, ಬೆರಳಿಗೆ ಚುಚ್ಚುವುದಿಲ್ಲ. ಚಿಕ್ಕ ಅಳತೆಯದು ಸುಮಾರು 21 ಇಂಚು ಉದ್ದ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬೀದರ್‌ವರೆಗೆ ಬರಬಹುದು, ಕಂಡಕ್ಟರ್ ಲಗೇಜು ಕೇಳುವುದಿಲ್ಲ. ‘ಸಿ’ ಎಂಬ ಕಾರ್ಡ್ ಹಿಡಿಯಲು ಒಂದೇ ಬೆರಳು ಸಾಕು. ಎ ಮೈನರಿಗೂ ಒಂದೇ. ಎಫ್‌ಗೆ ಎರಡು, ಜಿ ಸೆವೆನ್‌ಗೆ ಮೂರು. ಈ ನಾಲ್ಕು ಬಂದರೆ ಒಂದು ವಾರದೊಳಗೆ ಹತ್ತಾರು ಸಿನಿಮಾ ಹಾಡಿಗೆ ಜೊತೆ ನುಡಿಸಬಹುದು. ಇಷ್ಟು ಬೇಗ ಇಷ್ಟು ಸಂತೋಷ ಕೊಡುವ ವಾದ್ಯ ಇನ್ನೊಂದಿರಲಾರದು.

ಆಮೇಲೆ ‘ಇ’ ಎಂಬ ಕಾರ್ಡ್ ಬರುತ್ತದೆ. ನಾಲ್ಕನೆಯ ಮನೆಯಲ್ಲಿ ಮೂರು ತಂತಿ, ಎರಡನೆಯ ಮನೆಯಲ್ಲಿ ಒಂದು ತಂತಿ, ಒಟ್ಟಿಗೆ ಒತ್ತಬೇಕು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಬೆರಳು ಹಿಡಿಸುವುದಿಲ್ಲ. ಬಹಳ ಜನರ ಯುಕುಲೆಲೆ ಇಲ್ಲಿಗೆ ಗೋಡೆಯ ಮೊಳೆ ಸೇರುತ್ತದೆ. ಉಳಿದವರು ಇ ಬರುವ ಹಾಡುಗಳನ್ನೇ ಬಿಟ್ಟು, ಬಂದ ನಾಲ್ಕರಲ್ಲಿ ಸುಖವಾಗಿರುತ್ತಾರೆ. ಕೆಲವರು ಮಾತ್ರ ಕಾರ್ಯಾಗಾರಕ್ಕೆ ಹೋಗುತ್ತಾರೆ.

ಬೆಂಗಳೂರಿನಲ್ಲಿ ಅಂಥದೊಂದಕ್ಕೆ ಹೋಗಿದ್ದೆ. ಹತ್ತು ಹನ್ನೆರಡು ಜನ, ಒಂದು ಭಾನುವಾರದ ಬೆಳಗು. ಇ ಕಾರ್ಡಿನ ಗುಟ್ಟು ಹೇಳಿಕೊಡುತ್ತಾರೆ ಎಂದುಕೊಂಡಿದ್ದೆವು. ಕಲಿಸುವವರು ಮೊದಲ ಅರ್ಧ ಗಂಟೆ ಎಡಗೈಯ ವಿಷಯವನ್ನೇ ಎತ್ತಲಿಲ್ಲ. ಅವರು ಹೇಳಿದ್ದು ಒಂದೇ: ಎಡಗೈ ತಪ್ಪಲಿ, ಬಿಡಲಿ, ಬಲಗೈ ನಿಲ್ಲಬಾರದು. ಕಾರ್ಡ್ ಸಿಗಲಿಲ್ಲವೆಂದರೆ ತಂತಿಗಳ ಮೇಲೆ ಅಂಗೈ ಇಟ್ಟು ಬರೀ ಸದ್ದಿಲ್ಲದ ಹೊಡೆತ ಹೊಡೆಯಿರಿ, ಮುಂದಿನ ಕಾರ್ಡಿಗೆ ಬಂದು ಸೇರಿಕೊಳ್ಳಿ. ಒಬ್ಬರೇ ಮನೆಯಲ್ಲಿ ನುಡಿಸುವಾಗ ತಡವರಿಸಿದರೆ ನಿಂತು, ಸರಿಪಡಿಸಿಕೊಂಡು, ಮುಂದೆ ಹೋಗುವುದು ಅಭ್ಯಾಸವಾಗಿರುತ್ತದೆ. ಗುಂಪಿನಲ್ಲಿ ಹಾಗೆ ನಿಂತರೆ ಪಕ್ಕದವರ ಕೈಯೂ ತಡವರಿಸುತ್ತದೆ, ಅವರ ಪಕ್ಕದವರದೂ. ನನ್ನ ಸ್ವರ ಶುದ್ಧವಾಗಿರಲಿ ಎಂಬ ಕಾಳಜಿಗೆ ಇಡೀ ಕೋಣೆಯ ಲಯ ಬೆಲೆ ತೆರುತ್ತದೆ.

ಊಟಕ್ಕೆ ಬಿಟ್ಟಾಗ ಹೊರಗೆ ಕುಳಿತು ಈ ಮಾತನ್ನೇ ಯೋಚಿಸುತ್ತಿದ್ದೆ. ತಪ್ಪದೆ ನುಡಿಸಬೇಕು ಎಂಬುದು ಒಂದು ಬಗೆಯ ಒಳ್ಳೆಯತನ. ಜೊತೆ ಬಿಡದೆ ನುಡಿಸಬೇಕು ಎಂಬುದು ಇನ್ನೊಂದು ಬಗೆಯದು. ಹೊಸಬನಿಗೆ ಎರಡೂ ಇಲ್ಲ, ಪರಿಣತನಿಗೆ ಎರಡೂ ಒಂದೇ ಆಗಿರುತ್ತವೆ. ನಡುವಿನವನ ಪಾಲಿಗೆ ಮಾತ್ರ ಇವು ಬೇರೆ ಬೇರೆಯಾಗಿ ಎದುರು ಬಂದು ನಿಲ್ಲುತ್ತವೆ, ಯಾವುದನ್ನು ಬಿಡುತ್ತೀ ಎಂದು ಕೇಳುತ್ತವೆ.

ಎಷ್ಟು ಕಲಿಯಬೇಕು ಎಂಬ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರ ಏಣಿಯದು. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆ ಕಟ್ಟಿದವರಿಗೆ ಗೊತ್ತು: ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರ. ಕರ್ನಾಟಕ ಸಂಗೀತದವರಿಗೆ ಜೂನಿಯರ್, ಸೀನಿಯರ್, ವಿದ್ವತ್. ಮುಂದಿನ ಮೆಟ್ಟಿಲು ಇರುವವರೆಗೂ ಈಗಿನ ಮೆಟ್ಟಿಲು ಸಾಲದು. ಏಣಿಯ ಮೇಲೆ ನನಗೆ ಕೋಪವಿಲ್ಲ, ಬಡವರ ಮಕ್ಕಳಿಗೆ ಅದೊಂದು ನೌಕರಿಯ ದಾರಿಯೂ ಹೌದು. ಆದರೆ ಹತ್ತುವುದನ್ನು ಯಾವಾಗ ನಿಲ್ಲಿಸಬಹುದು ಎಂದು ಏಣಿ ಎಂದೂ ಹೇಳುವುದಿಲ್ಲ.

ಅರಿಸ್ಟಾಟಲ್ ಹೇಳುತ್ತಾನೆ. ಅವನ ‘ಪಾಲಿಟಿಕ್ಸ್’ ಕೃತಿಯ ಎಂಟನೆಯ ಭಾಗದಲ್ಲಿ ಈ ಪ್ರಶ್ನೆ ಹೆಚ್ಚುಕಡಿಮೆ ಇದೇ ರೂಪದಲ್ಲಿದೆ: ಸ್ವತಂತ್ರ ಪ್ರಜೆಗಳ ಮಕ್ಕಳು ವಾದ್ಯ ನುಡಿಸಲು ಕಲಿಯಬೇಕೆ, ಕಲಿತರೆ ಎಲ್ಲಿಯವರೆಗೆ? ಅವನ ಉತ್ತರ ಸ್ಪಷ್ಟ. ಕಲಿಯಲಿ, ಯಾಕೆಂದರೆ ತಾನು ಕೈಯಾಡಿಸದ ಕೆಲಸವನ್ನು ಚೆನ್ನಾಗಿ ಅಳೆಯುವುದು ಕಷ್ಟ. ಆದರೆ ಸ್ಪರ್ಧೆಗೆ ಇಳಿಯುವಷ್ಟು, ಬೆರಳ ಚಮತ್ಕಾರ ತೋರಿಸುವಷ್ಟು ಬೇಡ. ಒಳ್ಳೆಯ ಸಂಗೀತವನ್ನು ಗುರುತಿಸಿ ಸುಖಿಸುವಷ್ಟು ಬಂದರೆ ಸಾಕು, ದೊಡ್ಡವರಾದ ಮೇಲೆ ನುಡಿಸುವುದನ್ನು ಬಿಟ್ಟರೂ ನಡೆದೀತು. ಮೊದಲ ಸಲ ಓದಿದಾಗ ಹಾಯ್ ಎನಿಸಿತು. ನಾಲ್ಕು ಕಾರ್ಡಿನವರಿಗೆ ಇದಕ್ಕಿಂತ ದೊಡ್ಡ ವಕೀಲ ಯಾರು? ಮುಂದಿನ ಸಾಲುಗಳಿಗೆ ಬಂದಾಗ ಆ ಸಮಾಧಾನ ಉಳಿಯಲಿಲ್ಲ. ಇನ್ನೊಬ್ಬರ ಸುಖಕ್ಕಾಗಿ ನುಡಿಸುವುದು ಅವನ ಪ್ರಕಾರ ಕೂಲಿಯವರ ಕೆಲಸ, ಸ್ವತಂತ್ರನಿಗೆ ಒಪ್ಪುವಂಥದ್ದಲ್ಲ. ಅಂದರೆ ಅವನ ಹವ್ಯಾಸಿ ಆರಾಮಾಗಿ ಅಷ್ಟಕ್ಕೇ ನಿಲ್ಲಬಲ್ಲ, ಯಾಕೆಂದರೆ ಊರ ಹಬ್ಬಕ್ಕೆ ನುಡಿಸಲು ಬೇರೆ ಯಾರೋ ಬೆರಳು ಸವೆಸಿಕೊಂಡಿರುತ್ತಾರೆ. ‘ನನಗೆ ಇಷ್ಟು ಸಾಕು’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಇನ್ನೊಬ್ಬರ ದುಡಿಮೆ ಇರುತ್ತದೆ. ನಮ್ಮ ಹಳ್ಳಿಗಳಲ್ಲಿ ಹಲಗೆ, ಶಹನಾಯಿ ನುಡಿಸುವುದು ಯಾವ ಓಣಿಯವರ ಪಾಲಿಗೆ ಬಂದಿತು, ಕೇಳಿ ತಲೆದೂಗುವುದು ಯಾವ ಓಣಿಯವರ ಪಾಲಿಗೆ ಬಂದಿತು ಎಂದು ನೋಡಿದರೆ ಇದಕ್ಕೆ ಗ್ರೀಸಿಗೆ ಹೋಗಬೇಕಿಲ್ಲ.

ನನ್ನೂರು ಭಾತಂಬ್ರಾ, ಭಾಲ್ಕಿ ತಾಲ್ಲೂಕು. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಕಟ್ಟೆಯ ಮೇಲೆ ಕೂರುವ ಸೀಮೆ. ಭಜನೆಗೆ ಕುಳಿತರೆ ಒಂದು ಅಭಂಗ, ಒಂದು ವಚನ, ಒಂದು ತತ್ವಪದ, ಯಾರೂ ಭಾಷೆಯ ಲೆಕ್ಕ ಇಡುವುದಿಲ್ಲ. ಇದೇ ಜಿಲ್ಲೆಯ ಹುಮನಾಬಾದ್ ಹತ್ತಿರ ಮಾಣಿಕನಗರವಿದೆ. ಹಲವು ಭಾಷೆಗಳಲ್ಲಿ ಪದ ಕಟ್ಟಿದ ಮಾಣಿಕಪ್ರಭುಗಳ ಆ ಸ್ಥಾನದಲ್ಲಿ ದೊಡ್ಡ ದೊಡ್ಡ ಹಿಂದೂಸ್ತಾನಿ ಕಲಾವಿದರು ಸೇವೆಯೆಂದು ಹಾಡಿ ಹೋಗುತ್ತಾರೆ. ನಮ್ಮ ಭಜನೆಗೆ ಅಂಥ ಪ್ರತಿಷ್ಠೆಯೇನೂ ಇಲ್ಲ. ಅದರ ಹಾರ್ಮೋನಿಯಂ ಮುತ್ಯಾ ನಲವತ್ತು ವರ್ಷದಿಂದ ಅದೇ ಐದಾರು ಚಾಲುಗಳನ್ನು ನುಡಿಸಿಕೊಂಡು ಬಂದವರು. ಏಣಿಯ ಲೆಕ್ಕದಲ್ಲಿ ಅವರು ಒಂದು ಮೆಟ್ಟಿಲೂ ಹತ್ತಿಲ್ಲ.

ಆದರೆ ಅವರ ಪಕ್ಕ ಕುಳಿತು ನೋಡಬೇಕು. ಹಾಡುವವನ ದನಿ ರಾತ್ರಿ ಹನ್ನೊಂದರ ಹೊತ್ತಿಗೆ ದಣಿಯುತ್ತದೆ. ಅವನು ಬಾಯಿಬಿಟ್ಟು ಹೇಳುವ ಮೊದಲೇ ಮುತ್ಯಾ ಮುಂದಿನ ಪದವನ್ನು ಒಂದು ಪಟ್ಟಿ ಇಳಿಸಿ ಎತ್ತುತ್ತಾರೆ. ಹೊಸ ಹುಡುಗನೊಬ್ಬ ನಾಚಿಕೊಂಡು ಹಾಡಲು ಶುರುಮಾಡಿದರೆ ಅವನ ಸ್ವರ ಎಲ್ಲಿ ಬೀಳುತ್ತದೋ ಅಲ್ಲಿಗೆ ಹಾರ್ಮೋನಿಯಂ ಹೋಗಿ ಹಿಡಿಯುತ್ತದೆ. ಯಾರೂ ಅದನ್ನು ವಾದನ ಎಂದು ಕರೆಯುವುದಿಲ್ಲ. ಅಲ್ಲಿ ಎಲ್ಲರೂ ಅದಕ್ಕೆ ಒರಗಿಕೊಂಡಿರುತ್ತಾರೆ, ಗೋಡೆಗೆ ಒರಗಿದಂತೆ. ಗೋಡೆಯನ್ನು ಯಾರು ಹೊಗಳುತ್ತಾರೆ?

ಆ ಹಾರ್ಮೋನಿಯಮ್ಮೇ ಒಂದು ಕಾಲದಲ್ಲಿ ಬಹಿಷ್ಕಾರ ಉಂಡ ವಾದ್ಯ. ಯುರೋಪಿನಿಂದ ಬಂದು, ಕಲ್ಕತ್ತೆಯಲ್ಲಿ ಕೈತಿದಿಯ ಪೆಟ್ಟಿಗೆಯಾಗಿ, ನಮ್ಮ ನೆಲದ ಮೇಲೆ ಚಕ್ಕಳಮಕ್ಕಳ ಕೂತಿತು. ಮೀಂಡ್ ಎಳೆಯಲು ಬರುವುದಿಲ್ಲ, ಶ್ರುತಿಯ ಸೂಕ್ಷ್ಮ ಹಿಡಿಯುವುದಿಲ್ಲ ಎಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲವಾಗಲು ಮೂರು ದಶಕ ಬೇಕಾಯಿತು. ದೂರೆಲ್ಲ ನಿಜವೇ. ಆದರೂ ಆ ಮೂವತ್ತು ವರ್ಷ ಹಳ್ಳಿಯ ಭಜನೆ ಅದನ್ನು ಬಿಡಲಿಲ್ಲ. ಪೂರ್ತಿ ಸರಿಯಲ್ಲದ ವಾದ್ಯವನ್ನು, ಪೂರ್ತಿ ಬಾರದವರು, ಪೂರ್ತಿ ನಂಬಿ ನುಡಿಸಿದರು.

ಇದಕ್ಕಿಂತ ವಿಚಿತ್ರವಾದ ಇನ್ನೊಂದು ಸಂಗತಿ ನಮ್ಮ ಕಡೆಯ ಸಪ್ತಾಹಗಳಲ್ಲಿದೆ. ವಾರಕರಿ ಸಂಪ್ರದಾಯದ ಅಖಂಡ ಹರಿನಾಮ ಸಪ್ತಾಹ ಏಳು ದಿನ, ಏಳು ರಾತ್ರಿ ನಡೆಯುತ್ತದೆ. ಆ ಏಳೂ ದಿನ ಒಂದು ವೀಣೆ ನೆಲ ಮುಟ್ಟಬಾರದು. ಯಾರಾದರೊಬ್ಬರು ಅದನ್ನು ಕೊರಳಿಗೆ ಹಾಕಿಕೊಂಡು, ತಂತಿ ಮೀಟುತ್ತ, ನಾಮ ನುಡಿಯುತ್ತ ನಿಂತೇ ಇರಬೇಕು. ಅದಕ್ಕೆ ಪಹರೆ ಎನ್ನುತ್ತಾರೆ. ಒಬ್ಬರ ಪಹರೆ ಮುಗಿದಾಗ ಇನ್ನೊಬ್ಬರು ಬಂದು, ಒಬ್ಬರ ಕಾಲಿಗೆ ಒಬ್ಬರು ನಮಸ್ಕರಿಸಿ, ಕೊರಳಿಂದ ಕೊರಳಿಗೆ ವೀಣೆ ದಾಟುತ್ತದೆ. ನಸುಕಿನ ಮೂರು ಗಂಟೆಗೆ ದೇವಸ್ಥಾನದಲ್ಲಿ ಬೇರೆ ಯಾರೂ ಇರುವುದಿಲ್ಲ. ತೊಗರಿ ಹೊಲದಲ್ಲಿ ದಿನವಿಡೀ ಬಾಗಿ ಬಂದ ಒಬ್ಬ ಮನುಷ್ಯ ತೂಕಡಿಸುತ್ತ, ಎಚ್ಚರಾಗುತ್ತ, ತಂತಿ ಮೀಟುತ್ತ ನಿಂತಿರುತ್ತಾನೆ. ಅವನಿಗೆ ವೀಣೆ ನುಡಿಸಲು ಬರುತ್ತದೆಯೇ? ನಾವು ಹೇಳುವ ಅರ್ಥದಲ್ಲಿ ಇಲ್ಲ. ಬಿಟ್ಟ ತಂತಿಯನ್ನು ಮೀಟುತ್ತಾನೆ, ಅಷ್ಟೇ. ‘ಮುತ್ಯಾ, ನಿಮಗ ಯಾರು ಕಲಿಸಿದ್ರು?’ ಎಂದು ಚಿಕ್ಕವಳಿದ್ದಾಗ ಒಬ್ಬರನ್ನು ಕೇಳಿದ್ದೆ. ‘ಬಾರ್ಸೂದೇನು ಕಲೀಬೇಕವ್ವಾ, ಕೆಳಗ ಇಡಬಾರ್ದು, ಅಷ್ಟೇ’ ಅಂದಿದ್ದರು.

ಕೌಶಲ ಸೊನ್ನೆ, ಹೊಣೆ ನೂರು. ಯುಕುಲೆಲೆ ಕಲಿಸುವವರು ‘ಬಲಗೈ ನಿಲ್ಲಬಾರದು’ ಎಂದಾಗ ನನಗೆ ಥಟ್ಟನೆ ನೆನಪಾದದ್ದು ಈ ವೀಣೆ.

ಕಲಿಕೆಯ ಬಗ್ಗೆ ಬರೆದವರಲ್ಲಿ ಹ್ಯೂಬರ್ಟ್ ಡ್ರೈಫಸ್ ಮತ್ತು ಸ್ಟುವರ್ಟ್ ಡ್ರೈಫಸ್ ಎಂಬ ಬರ್ಕ್ಲಿಯ ಸಹೋದರರು ಈ ಹೊಣೆಯ ಮಾತನ್ನು ಮುಟ್ಟಿದ್ದಾರೆ. 1986ರ ‘ಮೈಂಡ್ ಓವರ್ ಮಷೀನ್’ ಪುಸ್ತಕದಲ್ಲಿ ಅವರು ಕಲಿಯುವವರ ಐದು ಹಂತ ಹೇಳುತ್ತಾರೆ: ಹೊಸಬ, ಮುಂದುವರಿದ ಹೊಸಬ, ಸಮರ್ಥ, ಪ್ರವೀಣ, ಪರಿಣತ. ಕಾರು ಓಡಿಸುವುದು, ಚದುರಂಗ ಆಡುವುದು ಅವರ ಉದಾಹರಣೆಗಳು. ಹೊಸಬ ನಿಯಮ ನೋಡಿ ನಡೆಯುತ್ತಾನೆ, ಕೆಟ್ಟರೆ ನಿಯಮದ ಮೇಲೆ ಹಾಕುತ್ತಾನೆ. ಎರಡನೆಯ ಹಂತದಿಂದ ಮೂರನೆಯದಕ್ಕೆ ಹೋಗುವಾಗ ಒಂದು ಬದಲಾವಣೆಯಾಗುತ್ತದೆ. ಕಣ್ಣಮುಂದೆ ಸಂಗತಿಗಳು ಹೆಚ್ಚಾಗಿ, ಯಾವುದಕ್ಕೆ ಮಹತ್ವ ಕೊಡಬೇಕು ಎಂದು ತಾನೇ ಆರಿಸಬೇಕಾಗುತ್ತದೆ. ತಾನೇ ಆರಿಸಿದ್ದರಿಂದ ಫಲಕ್ಕೂ ತಾನೇ ಹೊಣೆ. ಗೆದ್ದರೆ ಹಿಗ್ಗು, ಸೋತರೆ ಸಂಕಟ ಆಗಲೇ ಶುರು. ಎಷ್ಟೋ ಜನ ಎರಡನೆಯ ಹಂತದಲ್ಲೇ ಉಳಿಯುವುದು ಬೆರಳು ಬಾಗದ್ದರಿಂದಲೇ ಇರಲಿಕ್ಕಿಲ್ಲ, ಈ ಸಂಕಟದ ಭಯದಿಂದಲೂ ಇರಬಹುದು. ‘ನಾನಿನ್ನೂ ಕಲಿಯುತ್ತಿದ್ದೇನೆ’ ಎಂಬುದು ವಿನಯದ ಮಾತು ಎಂದುಕೊಳ್ಳುತ್ತೇವೆ. ಅದೊಂದು ಒಳ್ಳೆಯ ಅಡಗುತಾಣವೂ ಹೌದು. ಸಂಶೋಧನಾ ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಇಂಥ ವಿನಯ ಕೋಣೆಗೊಂದು ಸಿಗುತ್ತದೆ.

ಡ್ರೈಫಸರ ಚಿತ್ರದಲ್ಲಿ ನನಗೊಂದು ತಕರಾರಿದೆ. ಅವರ ಕಲಿಯುವವನು ಒಬ್ಬಂಟಿ. ಕಾರಿನಲ್ಲೂ ಒಬ್ಬನೇ, ಚದುರಂಗದ ಮುಂದೆಯೂ ಒಬ್ಬನೇ. ಅವನಿಗೆ ಹೊಣೆ ಬರುವುದು ಕೌಶಲ ಬೆಳೆದ ಮೇಲೆ. ಸಪ್ತಾಹದ ಮುತ್ಯಾನಿಗೆ ಮೊದಲ ರಾತ್ರಿಯೇ ಪೂರ್ತಿ ಹೊಣೆ ಬಂದಿತ್ತು, ಯಾಕೆಂದರೆ ಅವರು ನಿಂತದ್ದು ಒಂದು ಸರಪಳಿಯ ನಡುವೆ. ಆಕಡೆಯವರು ಕೊಟ್ಟಿದ್ದರು, ಈಕಡೆಯವರು ಬರುವವರಿದ್ದರು. ಎಷ್ಟು ಬಂದರೆ ಸಾಕು ಎಂಬ ಪ್ರಶ್ನೆಯನ್ನು ಹೀಗೆ ತಿರುಗಿಸಿ ಕೇಳಬಹುದೇನೋ: ನನಗೆ ಯಾರು ಒರಗಿಕೊಂಡಿದ್ದಾರೆ? ಅವರ ಭಾರ ತಡೆಯುವಷ್ಟು ನನಗೆ ಬರುತ್ತದೆಯೇ? ಭಜನೆಗೆ ಐದು ಚಾಲು ಸಾಕಾದವು, ಪಹರೆಗೆ ಬಿಟ್ಟ ತಂತಿ ಸಾಕಾಯಿತು. ಕಛೇರಿಗೆ ಕೂರುವವರಿಗೆ ಇಪ್ಪತ್ತು ವರ್ಷವೂ ಸಾಲದಿರಬಹುದು. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಅದರಲ್ಲಿ ಕರ್ನಾಟಕ ಸಂಗೀತದ ಗಮಕ ಹೊರಡಿಸಲು ವರ್ಷಗಟ್ಟಲೆ ಹೆಣಗಿ, ವಾದ್ಯವನ್ನೇ ತಮಗೆ ಬೇಕಾದಂತೆ ತಿದ್ದಿಕೊಂಡರು. ಅವರು ಹೊರಲು ಹೊರಟದ್ದು ಒಂದು ಇಡೀ ಸಂಪ್ರದಾಯದ ಭಾರ, ಅದಕ್ಕೆ ಅಷ್ಟು ಬೇಕಿತ್ತು.

ಇಲ್ಲಿ ಯಾರಾದರೂ ಬಸವಣ್ಣನನ್ನು ಎದುರು ನಿಲ್ಲಿಸಬಹುದು. ನಮ್ಮ ಜಿಲ್ಲೆಯಲ್ಲಂತೂ ನಿಲ್ಲಿಸಿಯೇ ತೀರುತ್ತಾರೆ, ಬಸವಕಲ್ಯಾಣ ಇಲ್ಲೇ ಇದೆ. ತನಗೆ ತಾಳದ ಲೆಕ್ಕ ತಿಳಿಯದು, ಮನಸ್ಸಿಗೆ ಒಪ್ಪಿದಂತೆ ಹಾಡುತ್ತೇನೆ ಎಂಬ ಅರ್ಥದ ವಚನ ಅವನದಿದೆ, ನೀವೂ ಕೇಳಿರುತ್ತೀರಿ. ಭಜನೆಯಲ್ಲಿ ತಾಳ ತಪ್ಪಿದವರು ನಗುತ್ತ ಅದನ್ನೇ ನೆನಪಿಸುವುದುಂಟು. ಆದರೆ ಬಸವಣ್ಣ ಆ ಮಾತು ಹೇಳುತ್ತಿರುವುದು ಕೂಡಲಸಂಗಮದೇವನಿಗೆ. ಒಲಿಯಬೇಕಾದವನ ಮುಂದೆ ತಾಳದ ಲೆಕ್ಕ ಬೇಕಿಲ್ಲ, ಸರಿ. ಪಕ್ಕದಲ್ಲಿ ಕುಳಿತು ನನ್ನ ತಾಳ ನಂಬಿ ಹಾಡುತ್ತಿರುವವನ ಮುಂದೆ ಅದೇ ಮಾತು ಹೇಳಿದರೆ ಅದು ಭಕ್ತಿ ಆಗುವುದಿಲ್ಲ, ನೆಪವಾಗುತ್ತದೆ. ಕಾಯಕವನ್ನು ಅಷ್ಟು ಬಿಗಿಯಾಗಿ ಹಿಡಿದ ಜನ ಆ ನೆಪವನ್ನು ಒಪ್ಪುತ್ತಿದ್ದರು ಎಂದು ನನಗನಿಸುವುದಿಲ್ಲ.

ಇಷ್ಟು ಹೇಳಿದ ಮೇಲೆ ಭಜನೆಯ ಇನ್ನೊಂದು ಮುಖವನ್ನೂ ಹೇಳಬೇಕು. ಒರಗಲು ಗೋಡೆಯಾದವರು ದಾರಿಗೆ ಅಡ್ಡ ಗೋಡೆಯೂ ಆಗುತ್ತಾರೆ. ನಮ್ಮ ಓಣಿಯ ಒಂದು ಮನೆಯಲ್ಲಿ ಹಾರ್ಮೋನಿಯಂ ಇತ್ತು, ಕೆಂಪು ಬಟ್ಟೆ ಹೊದಿಸಿ ಇಟ್ಟಿರುತ್ತಿದ್ದರು. ಹತ್ತಿರ ಹೋದರೆ ‘ಕೈ ಹಚ್ಚಬ್ಯಾಡ’ ಎಂಬ ಮಾತು ಮೊದಲು ಬರುತ್ತಿತ್ತು. ಅದೇ ಮನೆಯ ಹುಡುಗರಿಗೆ ಆ ಮಾತು ಇರಲಿಲ್ಲ. ನಾನು ಕಂಡ ಸಪ್ತಾಹಗಳಲ್ಲಿ ರಾತ್ರಿಯ ಪಹರೆಯೂ ಗಂಡಸರದ್ದೇ. ಹೆಂಗಸರ ಭಜನಾ ಮಂಡಳಿ ಬೇರೆ ಇತ್ತು, ತಾಳ ಮಾತ್ರ ಅವರ ಪಾಲಿನದು. ಸರಪಳಿಯ ನಡುವೆ ನಿಲ್ಲುವ ಸುಖದ ಬಗ್ಗೆ ಬರೆಯುವಾಗ ಸರಪಳಿಗೆ ಯಾರನ್ನು ಸೇರಿಸಿಕೊಳ್ಳಲಿಲ್ಲ ಎಂಬುದನ್ನು ಬಿಟ್ಟರೆ ನಾನೂ ಅರಿಸ್ಟಾಟಲನ ಸಾಲಿಗೇ ಸೇರುತ್ತೇನೆ.

ನಾನು ಯುಕುಲೆಲೆ ಕೊಂಡದ್ದರ ಹಿಂದೆ ಇದೂ ಇದ್ದಿರಬೇಕು. ಈ ವಾದ್ಯಕ್ಕೆ ನಮ್ಮ ಊರಲ್ಲಿ ಹಿರಿಯರಿಲ್ಲ. ಘರಾಣೆಯಿಲ್ಲ, ಕೆಂಪು ಬಟ್ಟೆಯಿಲ್ಲ, ಇದು ಯಾರ ಪಾಲಿನದು ಎಂದು ಯಾರೂ ತೀರ್ಮಾನಿಸಿಲ್ಲ. ಹುಡುಗಿಯೊಬ್ಬಳು ಮಾಳಿಗೆಯ ಮೇಲೆ ಕುಳಿತು ನುಡಿಸಿದರೆ ‘ಏನೋ ಆಟಿಗಿ ಬಾರ್ಸ್ಲಕತ್ತಾಳ’ ಅಂತಾರೆ, ಸುಮ್ಮನಾಗುತ್ತಾರೆ. ಆಟಿಗೆ ಅನಿಸಿಕೊಳ್ಳುವುದರಲ್ಲಿ ಅಷ್ಟು ಸ್ವಾತಂತ್ರ್ಯವಿದೆ. ಅದರ ಹುಟ್ಟೂ ಹಾಗೆಯೇ. 1879ರ ಆಗಸ್ಟಿನಲ್ಲಿ ರೇವನ್ಸ್‌ಕ್ರಾಗ್ ಎಂಬ ಹಡಗು ಪೋರ್ಚುಗಲ್ಲಿನ ಮದೀರಾ ದ್ವೀಪದಿಂದ ಕಬ್ಬಿನ ತೋಟಗಳಿಗೆ ಕೂಲಿ ಜನರನ್ನು ತುಂಬಿಕೊಂಡು ಹವಾಯಿಯ ಹೊನೊಲುಲು ತಲುಪಿತು. ಅವರು ತಂದದ್ದು ಮಶೇಟ್ ಎಂಬ ಪುಟ್ಟ ತಂತಿವಾದ್ಯ. ಆ ಹಡಗಿನಲ್ಲಿದ್ದ ಮನುವೆಲ್ ನೂನೆಸ್ ಮೊದಲಾದ ಮೂವರು ಬಡಗಿಗಳು ಅಲ್ಲಿಯ ಮರದಲ್ಲಿ ಅದನ್ನು ಮಾಡಿ ಮಾರತೊಡಗಿದರು. ಹವಾಯಿಯ ದೊರೆ ಕಲಾಕಾವಾ ಅದನ್ನು ಮೆಚ್ಚಿ ಅರಮನೆಯೊಳಗೆ ಕರೆದುಕೊಂಡ. ಕೂಲಿಯವರು ಕೂಲಿ ಮುಗಿಸಿ ಬಂದು ತಮ್ಮ ಸುಖಕ್ಕೆ, ಪಕ್ಕದವರ ಸುಖಕ್ಕೆ ನುಡಿಸಿದ ವಾದ್ಯ ಇದು. ಅರಿಸ್ಟಾಟಲ್ ಗೆರೆ ಎಳೆದು ಬೇರೆ ಮಾಡಿದ ಇಬ್ಬರು ಇಲ್ಲಿ ಒಬ್ಬರೇ.

ಯಾರೂ ಒರಗದ ವಾದ್ಯ, ಹಾಗಾಗಿ ಸ್ವಾತಂತ್ರ್ಯ. ಹಾಗಾಗಿಯೇ ನಾಲ್ಕು ಕಾರ್ಡಿಗೆ ನಿಂತರೂ ಕೇಳುವವರಿರಲಿಲ್ಲ. ಈ ಬೇಸಿಗೆಯಲ್ಲಿ ಅದು ಬದಲಾಯಿತು. ನಮ್ಮ ಅಕ್ಕನ ಮಗಳು, ಅವಳ ಇಬ್ಬರು ಗೆಳತಿಯರು ಎದುರು ಬಂದು ಕೂತರು. ‘ಚಿಕ್ಕಮ್ಮಾ, ನಮಗೂ ಕಲಸ್ರಿ.’ ಒಂಬತ್ತನೇ ಇಯತ್ತೆಯ ಮೂವರು ಹುಡುಗಿಯರು. ಆನ್‌ಲೈನಿನಲ್ಲಿ ಅಗ್ಗದ ಯುಕುಲೆಲೆ ಒಂದನ್ನು ಮೂವರೂ ದುಡ್ಡು ಕೂಡಿಸಿ ತರಿಸಿಕೊಂಡಿದ್ದರು.

ಅರೆಬರೆ ಬಲ್ಲವಳು ಕಲಿಸಬಹುದೆ? ಬಾರದು ಎಂದು ಹೇಳುವುದು ಸುಲಭ, ಅದು ಗೌರವಯುತವಾಗಿಯೂ ಕೇಳುತ್ತದೆ. ಹಾಗೆ ಹೇಳಿದರೆ ಈ ಮೂವರಿಗೆ ಸಿಗುವುದು ಪರಿಣತ ಗುರುವಲ್ಲ, ಯೂಟ್ಯೂಬ್ ವಿಡಿಯೊ. ನಮ್ಮ ಸೀಮೆಯ ಕಾಲೇಜುಗಳಲ್ಲಿ ಪಾಠ ಮಾಡುವ ಅತಿಥಿ ಉಪನ್ಯಾಸಕರಲ್ಲಿ ಎಷ್ಟು ಜನ ತಮ್ಮ ಸಂಶೋಧನೆಯನ್ನು ಮುಗಿಸಿದ್ದಾರೆ? ನಡುದಾರಿಯವರು ಕಲಿಸದಿದ್ದರೆ ಇಲ್ಲಿ ಬಹಳಷ್ಟು ತರಗತಿಗಳ ಬಾಗಿಲೇ ತೆರೆಯುವುದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯುವಾಗ ನಾವು ಪಂಚಾಕ್ಷರಿ ಗವಾಯಿಗಳನ್ನು, ಪುಟ್ಟರಾಜ ಗವಾಯಿಗಳನ್ನು, ಅಲ್ಲಿ ಕಲಿತು ದೊಡ್ಡ ಹೆಸರಾದ ಬಸವರಾಜ ರಾಜಗುರುಗಳನ್ನು ನೆನೆಯುತ್ತೇವೆ. ಅಂಧ ಮಕ್ಕಳಿಗೆ, ಅನಾಥರಿಗೆ ಸಂಗೀತ ಕಲಿಸಿದ ಆ ಮನೆಯಿಂದ ಹೊರಟವರಲ್ಲಿ ಹೆಚ್ಚಿನವರು ಹೆಸರಾದವರಲ್ಲ. ಶಾಲೆಗಳಲ್ಲಿ ಸಂಗೀತದ ಮಾಸ್ತರರಾದರು, ಪುರಾಣ ಪ್ರವಚನಗಳಲ್ಲಿ ಹಾರ್ಮೋನಿಯಂ ತಬಲಾ ನುಡಿಸಿದರು. ಉತ್ತರ ಕರ್ನಾಟಕದ ಊರೂರಲ್ಲಿ ಸ್ವರವೆಂದರೆ ಏನೆಂದು ಗೊತ್ತಿದ್ದರೆ ಅವರ ಪಾಲು ಅದರಲ್ಲಿ ದೊಡ್ಡದು.

ಹಾಗೆಂದು ‘ಬಂದಷ್ಟು ಕಲಿಸುತ್ತೇನೆ’ ಎಂದುಬಿಟ್ಟರೆ ತೀರಲಿಲ್ಲ. ಕಲಿಯುವ ಹುಡುಗಿ ನನ್ನ ಬೆರಳನ್ನು ನೋಡಿ ತನ್ನ ಬೆರಳಿಡುತ್ತಾಳೆ, ನನ್ನ ಬೆರಳ ಸೋಮಾರಿತನವೂ ಅವಳಿಗೆ ಪಾಠವಾಗುತ್ತದೆ. ನಾನು ಇ ಬರುವ ಹಾಡುಗಳನ್ನು ಆರಿಸದೆ ಬಿಟ್ಟರೆ ಅವು ಇದ್ದವೆಂಬುದೇ ಅವಳಿಗೆ ತಿಳಿಯುವುದಿಲ್ಲ. ಒಬ್ಬಳಿಗೇ ನುಡಿಸಿಕೊಳ್ಳುವಾಗ ನನ್ನ ಇಷ್ಟಕ್ಕೆ ಬಿಟ್ಟಿದ್ದ ವಿಷಯ, ಮೂರು ಮಕ್ಕಳು ಎದುರು ಕುಳಿತ ಕೂಡಲೆ ಹಾಗೆ ಉಳಿಯಲಿಲ್ಲ. ಮೊದಲ ದಿನವೇ ಅವರಿಗೆ ಹೇಳಿದೆ: ನನಗೆ ಬರುವುದು ಇಷ್ಟು, ಇದರಾಚೆ ಇಷ್ಟಿದೆ, ಅದನ್ನು ನಾನೂ ಕಲಿಯುತ್ತಿದ್ದೇನೆ, ನೀವು ನನ್ನನ್ನು ದಾಟಿದ ದಿನ ಹೇಳಿರಿ. ‘ಯಾವಾಗ ದಾಟ್ತೀವ್ರಿ?’ ಎಂದು ಒಬ್ಬಳು ತೀರಾ ಸಹಜವಾಗಿ ಕೇಳಿದಳು. ಅಂದಿನಿಂದ ದಿನಾ ಬೆಳಗ್ಗೆ ಬಿಸಿಲೇರುವ ಮೊದಲು ಮಾಳಿಗೆಯ ಮೇಲೆ ಇ ಕಾರ್ಡ್ ಹಿಡಿಯುತ್ತಿದ್ದೇನೆ. ಉಂಗುರ ಬೆರಳೊಂದನ್ನೇ ಮಲಗಿಸಿ ಮೂರು ತಂತಿ ಒತ್ತುವ ಉಪಾಯವಿದೆ, ತೋರುಬೆರಳು ಎರಡನೆಯ ಮನೆಗೆ ಹೋಗುತ್ತದೆ. ಹತ್ತರಲ್ಲಿ ಆರು ಸಲ ಶುದ್ಧವಾಗಿ ಬರುತ್ತದೆ.

ಅವರ ಪಾಠ ಇನ್ನೂ ಅಲ್ಲಿಗೆ ಬಂದಿಲ್ಲ. ಹೊಸ ನೈಲಾನ್ ತಂತಿ ಮೊದಲ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಮುಂಜಾನೆ ಶ್ರುತಿ ಮಾಡಿಟ್ಟರೆ ಸಂಜೆಗೆ ಇಳಿದಿರುತ್ತದೆ. ಮೂವರಿಗೂ ಸೇರಿ ವಾದ್ಯ ಒಂದೇ ಇರುವುದರಿಂದ ಒಬ್ಬಳು ನುಡಿಸುವಾಗ ಇನ್ನಿಬ್ಬರು ಚಪ್ಪಾಳೆಯಲ್ಲಿ ಲಯ ಹಿಡಿಯುತ್ತಾರೆ, ಆಮೇಲೆ ಕೈ ಬದಲಾಗುತ್ತದೆ. ಕೊಡುವ ಮೊದಲು ನಾಲ್ಕೂ ತಂತಿ ಸರಿಯಿದೆಯೇ ಎಂದು ನೋಡಿಯೇ ಕೊಡಬೇಕು ಎಂದು ಅವರವರೇ ಒಂದು ಕರಾರು ಮಾಡಿಕೊಂಡಿದ್ದಾರೆ. ಕಿವಿ ಇನ್ನೂ ಪಕ್ವವಾಗಿಲ್ಲ, ಮೂರನೆಯ ತಂತಿಯ ಬಗ್ಗೆ ನಿನ್ನೆ ಸಂಜೆಯೆಲ್ಲ ಜಗಳವಾಯಿತು.